ಮಾವನವರ ಗಾಡಿಯ ಗೇರ್ ಸ್ಪ್ರಿಂಗು

ಕುರ್ಡಿ ಎಂಬ ಹಳ್ಳಿಯಲ್ಲಿ ನಮ್ಮ ಮಾವನವರ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಅದಕ್ಕೆ ಕಿಕ್ ಹೊಡೆಯುವ ರಾಡೇ ಗೇರಿನ ರಾಡು. ಹಿಂದಕ್ಕೆ ತಿರುಗಿಸಿ ಒದ್ದರೆ ಎಂಜಿನ್ ಶುರು, ಮುಂದಕ್ಕೆ ಮಲಗಿಸಿ ಒತ್ತಿದರೆ ಗೇರು. ನನ್ನ ಮದುವೆಯ ಹೊತ್ತಿಗೆ ಅದು ಎರಡನೇ ಗೇರಿನಲ್ಲೇ ಕೂತುಬಿಟ್ಟಿತ್ತು. ಮಾವ ಆ ಒಂದೇ ಗೇರಿನಲ್ಲಿ ಮಾನ್ವಿ ಸಂತೆಗೆ ಹೋಗಿಬರುತ್ತಿದ್ದರು. ಸೈಕಲ್ಲಿನವರು ಅವರ ಜೊತೆ ಕ್ಷೇಮಸಮಾಚಾರ ಮಾತಾಡಿ ಮುಂದೆ ಹೋಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ಮದುವೆಯಾದ ಮೊದಲ ದೀಪಾವಳಿಗೆ ಹೋಗಿದ್ದೆ. ನಾನು ದೇವದುರ್ಗದ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದೆ. ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ನಟ್ಟು ಬಿಚ್ಚುವ ಪಾನಾ ಹಿಡಿದದ್ದು ಅದಕ್ಕಿಂತ ಬಹಳ ಮೊದಲು. ಹಾಗಾಗಿ ಗಾಡಿ ನೋಡಿ, ಇದೇನು ದೊಡ್ಡ ಕೆಲಸ ಅಂದುಬಿಟ್ಟೆ.

"ಹೌದೇನ್ರೀ ಅಳಿಯಾರ?" ಅಂದರು ಮಾವ. "ನಾ ರಾಯಚೂರಿಗೆ ಹೋಗಿ ಬರೋದ್ರಾಗ ಗೇರ್ ಬಿದ್ರ ಗಾಡಿ ನಿಮ್ದು. ದೇವದುರ್ಗಕ್ಕ ಹೊಡ್ಕೊಂಡು ಹೋಗ್ರಿ. ಬೀಳ್ಲಿಲ್ಲಂದ್ರ ನಾಳಿ ಗುಜರಿಗೆ."

ಅವರು ಬಸ್ಸು ಹತ್ತಿದರು. ಹೆಂಡತಿ ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಳು. ಉಳಿದವರು ನಾನು, ಅತ್ತೆ ಮತ್ತು ಅಂಗಳದ ಎಮ್ಮೆ. ನಮ್ಮ ಕಡೆ ಅತ್ತೆಯಾದವಳು ಹೊಸ ಅಳಿಯನ ಎದುರು ನಿಲ್ಲುವುದಿಲ್ಲ, ನೇರ ಮಾತಾಡುವುದಿಲ್ಲ. ಹೇಳಲೇಬೇಕಾದ್ದನ್ನು ಬಾಗಿಲ ಮರೆಯಿಂದ ಇನ್ನೊಬ್ಬರಿಗೆ ಹೇಳಬೇಕು. ಅಂದು ಆ ಇನ್ನೊಬ್ಬರು ಎಮ್ಮೆಯೇ.

ಎಂಜಿನ್ ಎಣ್ಣೆ ಇಳಿಸಲು ಕೈಗೆ ಸಿಕ್ಕ ಪರಾತ ಇಟ್ಟೆ. ಒಳಗಿನಿಂದ ದನಿ ಬಂತು:

"ಎಮ್ಮೀ, ನೋಡಿದೇನ? ಹೋಳಿಗಿ ಹಿಟ್ಟು ನಾದೋ ಪರಾತದಾಗ ಕರೇ ಎಣ್ಣಿ ಹಿಡ್ಯಾಕತ್ತಾರ."

ನಾನೂ ಎಮ್ಮೆಯ ಕಡೆಗೇ ತಿರುಗಿ, "ತಿಕ್ಕಿ ತೊಳ್ದು ಕೊಡ್ತೀನಂತ ಹೇಳವ್ವಾ" ಅಂದೆ.

ಮುಚ್ಚಳ ಬಿಚ್ಚಿದರೆ ರೋಗ ಎದುರಿಗೇ ಇತ್ತು. ಒತ್ತಿದ ಗೇರ್ ರಾಡನ್ನು ಮತ್ತೆ ಅದರ ಜಾಗಕ್ಕೆ ಎಳೆದು ತರುವ ಸ್ಪ್ರಿಂಗು ತನ್ನ ಗೂಟದಿಂದ ಜಾರಿತ್ತು. ಇಕ್ಕಳದಲ್ಲಿ ಹಿಡಿದು ಎಳೆದೆ. ಟಣ್ ಎಂದು ಹಾರಿಹೋಯಿತು. ಅಂಗಳದಲ್ಲಿ ಮೊಣಕಾಲೂರಿ ಹುಡುಕಿದೆ, ಕಸಪೊರಕೆ ತಂದು ಗುಡಿಸಿದೆ. ಸಿಗಲಿಲ್ಲ. ಗುಜರಿಯವನ ತಕ್ಕಡಿ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಎಮ್ಮೆ ಗ್ವಾದಲಿಯ ಮೇವಿಗೆ ಬಾಯಿ ಹಾಕಿತು. ಒಳಗಿನಿಂದ ಮತ್ತೆ ದನಿ ಬಂತು:

"ಎಮ್ಮೀ, ಬಾಯಿ ತಗೀ! ಕಣಿಕಿ ಅಲ್ಲ ಅದು, ಗಾಡೀದು!"

ಓಡಿಹೋಗಿ ಗ್ವಾದಲಿಯಲ್ಲಿ ಕೈ ಹಾಕಿದೆ. ಮೂತಿಯ ಪಕ್ಕದಲ್ಲೇ, ಜೊಲ್ಲಿನಲ್ಲಿ ನೆನೆದು ಕುಳಿತಿತ್ತು ಸ್ಪ್ರಿಂಗು. ಒರೆಸಿ ಗೂಟಕ್ಕೆ ಸಿಕ್ಕಿಸಿದೆ. ಮುಚ್ಚಳ ಬಿಗಿದು, ಎಣ್ಣೆ ಸೋಸಿ ಹಾಕಿ, ಕಿಕ್ ಹೊಡೆದೆ. ರಾಡು ಮುಂದಕ್ಕೆ ಮಲಗಿಸಿ ಒತ್ತಿದೆ. ಖಟ್ ಎಂದು ಒಂದನೇ ಗೇರು ಬಿತ್ತು. ಆ ಸಂತೋಷದಲ್ಲಿ ಕ್ಲಚ್ ಬಿಟ್ಟೇಬಿಟ್ಟೆ. ಗಾಡಿ ಬಾಗಿಲಿಗೇ ನುಗ್ಗಿತು.

"ಯಪ್ಪಾ, ಬ್ರೇಕ್ ಹಿಡಿಯೋ!"

ಮುಂದಿನ ಗಾಲಿ ಹೊಸ್ತಿಲಿಗೆ ತಾಗಿ ನಿಂತಿತು. ಎದುರಿಗೆ ಅತ್ತೆ. ಸೆರಗು ಎಳೆದುಕೊಂಡು, ನನ್ನನ್ನು ದಾಟಿ ಎಮ್ಮೆಯತ್ತ ನೋಡಿ, "ನಿನಗ ಹೇಳಿದ್ದು" ಅಂದರು.

ಸಂಜೆ ಮಾವ ಬಂದವರೇ ಗಾಡಿ ಹತ್ತಿದರು. ನಾಲ್ಕೂ ಗೇರು ಬಿದ್ದವು. ಊರೆಲ್ಲ ಸುತ್ತಿ ಬಂದರೂ ಇಳಿಯಲಿಲ್ಲ.

"ಭೇಷ್ ಅಳಿಯಾರ! ಇಷ್ಟು ಛಲೋ ಗಾಡಿ ಯಾರರ ಕೊಡ್ತಾರೇನ್ರೀ?"

"ಮಾವಾರ, ಮುಂಜಾನಿ ಕೊಟ್ಟ ಮಾತು?"

"ಅದು ಕೆಟ್ಟ ಗಾಡೀದು ಮಾತು. ಇದು ಬ್ಯಾರೆ ಗಾಡಿ."

ಅತ್ತೆ ಗಂಡನಿಗೆ ಒಳಗೆ ಏನು ಹೇಳಿದರೋ ಕೇಳಿಸಲಿಲ್ಲ. ಆ ರಾತ್ರಿ ಮಾವನ ತಟ್ಟೆಗೆ ಹೋಳಿಗೆ ಮಾತ್ರ ಬೀಳಲಿಲ್ಲ. ಮರುದಿನ ಹೆಂಡತಿಯನ್ನು ಕೆಲದಿನ ತವರಿನಲ್ಲೇ ಬಿಟ್ಟು, ನಾನು ಚೀಲ ಹಿಡಿದು ಬಸ್ಸಿಗೆ ಹೊರಟರೆ, ಮಾವ ಗಾಡಿ ಶುರು ಮಾಡಿಕೊಂಡು ನಿಂತಿದ್ದರು.

"ಕುಂದ್ರಿ ಹಿಂದ. ದೇವದುರ್ಗಕ್ಕ ಬಿಟ್ಟು ಬರ್ತೀನಿ."

ದಾರಿಯುದ್ದಕ್ಕೂ ಗೇರು ಬಿದ್ದಾಗೊಮ್ಮೆ ಹಿಂದೆ ತಿರುಗಿ, "ಬಿತ್ತು ನೋಡ್ರಿ!" ಅನ್ನುತ್ತಿದ್ದರು, ತಾವೇ ರಿಪೇರಿ ಮಾಡಿದವರಂತೆ. ನಾನು "ಹೌದ್ರೀ ಮಾವಾರ, ಮುಂದ ನೋಡ್ರಿ" ಅನ್ನುತ್ತಾ ಅವರ ಅಂಗಿ ಹಿಡಿದು ಕುಳಿತಿದ್ದೆ.