ಎರಡು ಕಿಸೆ, ಒಂದು ಹೋಳಿಗೆ

ನಕಲು ಮಾಡಿದ್ದು ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಗಣಕಯಂತ್ರಕ್ಕೆ ‘ಇದನ್ನು ಎತ್ತಿಟ್ಟುಕೋ’ ಎನ್ನುತ್ತೇವೆ. ಅದು ಎತ್ತಿಟ್ಟುಕೊಂಡಿತೋ, ಕಿವಿಗೇ ಹಾಕಿಕೊಳ್ಳದೆ ಕುಳಿತಿತೋ ತಿಳಿಯುವುದು ಇನ್ನೊಂದೆಡೆ ಅಂಟಿಸಿದಾಗಲೇ. ಅದರಲ್ಲೂ ನನ್ನಂತೆ ಮೌಸಿನ ಹಂಗು ತೊರೆದು, ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬೆರಳಚ್ಚಿಸಿಯೇ ಸಂಸಾರ ಸಾಗಿಸುವವರ ಪಾಡು ಇನ್ನೂ ಕಷ್ಟ. ಆಜ್ಞೆ ಕೊಟ್ಟರೆ ಯಂತ್ರ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಮುಂದಿನ ಸಾಲಿಗಿಳಿದು ಕಣ್ಣು ಮಿಟುಕಿಸುತ್ತ ನಿಲ್ಲುತ್ತದೆ. ಮೌನವೇ ಸಮ್ಮತಿ ಎಂದು ನಂಬಿದವನು ನಾನು. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹಾಗೆ ನಂಬುವವನ ಬುದ್ಧಿಯ ಬಗ್ಗೆ ನೀವೇ ತೀರ್ಮಾನಿಸಿ.

ಈ ಆಜ್ಞಾಪ್ರಿಯತೆ ನನಗೆ ಬಂದದ್ದು ಜ್ಞಾನದಿಂದಲ್ಲ, ಚಹಾದಿಂದ. ಒಂದು ಬೆಳಿಗ್ಗೆ ಬಟ್ಟಲು ಮಗುಚಿ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಸತ್ತಿತು. ಮೌಸೊಂದನ್ನು ಕೊಂಡಿದ್ದರೆ ಮುಗಿಯುತ್ತಿತ್ತು. ಹೆಂಡತಿ ಗಿರಿಜಾ ಅದನ್ನೇ ಹೇಳಿದಳು. ಅವಳು ಮೊದಲು ಹೇಳಿದ್ದರಿಂದಲೇ ನಾನು ಕೊಳ್ಳಲಿಲ್ಲ. ಬರಿಯ ಕೀಲಿಮಣೆಯಿಂದ ಬ್ರಹ್ಮಾಂಡವನ್ನೇ ಆಳಬಹುದೆಂದು ಅಂತರಜಾಲದಲ್ಲಿ ಓದಿ, ಹಾನಗಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದವನು ಮಧ್ಯವಯಸ್ಸಿನಲ್ಲಿ ಮಂತ್ರವಾದಿಯಾದೆ.

ಅಷ್ಟರಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ಬಂತು. ನಮ್ಮಲ್ಲಿ ಮನೆ ಕಟ್ಟುವುದು ಸುಲಭ, ಅದಕ್ಕೆ ಜನರನ್ನು ಕರೆಯುವುದು ಕಷ್ಟ. ಮೊದಲ ಕರೆ ಮನೆಯ ಹಿರಿಯರಿಗೇ ಸಲ್ಲಬೇಕು. ಹಿಂದೆ ಮಗಳ ನಿಶ್ಚಯಕ್ಕೆ ಕರೆಯಲು ಹೊರಟ ಗಿರಿಜಾ, ಹೇಗೂ ಶಿಗ್ಗಾವಿಯಲ್ಲಿ ಬಸ್ಸು ಬದಲಿಸಬೇಕಲ್ಲ ಎಂದು ಅಲ್ಲಿಯ ಚಿಗವ್ವನ ಮಗಳಿಗೆ ಮೊದಲು ಕುಂಕುಮ ಹಚ್ಚಿ, ಆಮೇಲೆ ಸವಣೂರಿನ ಸ್ವಂತ ಅಕ್ಕನ ಮನೆಗೆ ಹೋದಳು. ಬಸ್ಸಿಗಿಂತ ಮೊದಲು ಫೋನು ಸವಣೂರು ಮುಟ್ಟಿತ್ತು. ಅಂದಿನಿಂದ ಅಕ್ಕ ಶಾಂತಕ್ಕನವರು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಈ ಸಲ ಗಿರಿಜಾ ಶಿಗ್ಗಾವಿಯಲ್ಲಿ ಯಾರ ಮನೆಗೂ ಇಣುಕದೆ ನೆಟ್ಟಗೆ ಅವರ ಮನೆಗೇ ಹೋಗಿ ಕರೆದಳು. ಅಕ್ಕ ಕುಂಕುಮ ಹಚ್ಚಿಸಿಕೊಂಡರು, ಚಹಾ ಕೊಟ್ಟರು, “ನೋಡೂಣು” ಅಂದರು. ನಮ್ಮ ಕಡೆ ‘ನೋಡೂಣು’ ಎಂದರೆ ಇಲ್ಲವೆಂದೇ ಅರ್ಥ.

“ಅಕ್ಕ ಬರ್ಲಿಲ್ಲಂದ್ರ ಹೊಸ ಮನ್ಯಾಗ ಹಾಲು ನಾ ಉಕ್ಕಸೂದಿಲ್ಲ. ನೀವ ಉಕ್ಕಸ್ಕೋರಿ,” ಎಂದು ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತರೆ ನನ್ನ ಹಾಸ್ಯಪ್ರಜ್ಞೆ ಕೂಡಲೇ ಕೆಲಸ ನಿಲ್ಲಿಸುತ್ತದೆ.

ಅತ್ತು ಮುಗಿದ ಮೇಲೆ, ಗೃಹಪ್ರವೇಶದ ಊಟಕ್ಕೆ ಗೊತ್ತುಮಾಡಿದ್ದ ದುಂಡಸಿಯ ಅಡಿಗೆಯವನಿಗೆ ಕಳಿಸಲು ಒಂದು ಸಂದೇಶ ಹೇಳಿದಳು. ನಾನು ಅಕ್ಷರ ಬಿಡದೆ ಬೆರಳಚ್ಚಿಸಿ, ಕೀಲಿ ಒತ್ತಿ ನಕಲಿಸಿ, ವಾಟ್ಸ್‌ಆ್ಯಪಿನಲ್ಲಿ ಅಂಟಿಸಿದೆ: “ಹೋಳಿಗಿ ನೀವು ಮಾಡಬ್ಯಾಡ್ರಿ. ಹ್ವಾದ ಸಲ ನಿಮ್ಮ ಹೋಳಿಗಿ ಹರಿಯಾಕ ಎರಡೂ ಕೈ ಬೇಕಾದ್ವು. ನಮ್ಮಕ್ಕನ ಕೈ ಯಾರಿಗೂ ಬರೂದಿಲ್ಲ. ಸಿಟ್ಟಾಗ್ಯಾಳ, ಆದ್ರೂ ಬರ್ತಾಳ. ಬರ್ಲಿಲ್ಲಂದ್ರ ಅವತ್ತ ನಮ್ಮ ಮನ್ಯಾಗ ಹೋಳಿಗಿನ ಬ್ಯಾಡ.”

ಬಳಿಕ ನನ್ನ ಸರದಿ. ಖುದ್ದಾಗಿ ಕರೆದವರಿಗೂ ಈಗ ಫೋನಿನಲ್ಲಿ ನೆನಪಿಸಬೇಕು. ಎಲ್ಲರನ್ನೂ ಒಂದೇ ಗುಂಪಿನಲ್ಲಿ ಕರೆದರೆ ಅದು ಕರೆಯಲ್ಲ, ಡಂಗುರ. ಆದ್ದರಿಂದ ಒಂದೊಂದು ಮನೆಗೂ ಬೇರೆಬೇರೆಯಾಗಿ ಕಳಿಸಲೆಂದು, ‘ಸಕುಟುಂಬ ಸಪರಿವಾರ ಸಮೇತರಾಗಿ ಚಿತ್ತೈಸಿ ನೂತನ ನಿಲಯವನ್ನು ಪಾದಸ್ಪರ್ಶದಿಂದ ಪಾವನಗೊಳಿಸಿ’ ಎಂಬಂಥ ಆಹ್ವಾನವೊಂದನ್ನು ಕೊರೆದು ಕಡತದಲ್ಲಿಟ್ಟಿದ್ದೆ. ಆ ಕಡತವನ್ನು, ನಕಲು ಎತ್ತಿಡುವ ಎಕ್ಸ್‌ಕ್ಲಿಪ್ ಎಂಬ ಆಜ್ಞೆಗೆ ಒಪ್ಪಿಸಿದೆ. ಯಂತ್ರ ಎಂದಿನಂತೆ ಮೌನವಾಯಿತು. ಈ ಸಲ ಕರೆಯ ಕ್ರಮ ತಪ್ಪದಂತೆ ಮೊದಲು ಸವಣೂರಿನ ಅಕ್ಕ, ನಂತರ ಹಿರೇಕೆರೂರಿನ ಸೋದರಮಾವ, ಆಮೇಲೆ ಉಳಿದವರು ಎಂದು ಹೆಸರುಗಳ ಮೇಲಷ್ಟೇ ಕಣ್ಣಿಟ್ಟು, ಅಂಟಿಸಿದೆ, ಕಳಿಸಿದೆ, ಅಂಟಿಸಿದೆ, ಕಳಿಸಿದೆ.

ಹಿರೇಕೆರೂರಿನ ಮಾವನ ಫೋನು ಬಂತು. “ಅಲ್ರೀ, ನಾ ಯಾವಾಗ ನಿಮಗ ಹೋಳಿಗಿ ಮಾಡಿ ಹಾಕೇನಿ?”

ಆಗ ತಿಳಿಯಿತು ನೋಡಿ, ನನ್ನ ಯಂತ್ರಕ್ಕೆ ಎರಡು ಕಿಸೆಗಳಿವೆ. ಯಾವ ಕಿಸೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಆ ಆಜ್ಞೆ ಸರಕನ್ನು ಒಂದರಲ್ಲಿಡುತ್ತದೆ. ಅಂಟಿಸು ಎಂದು ಕೀಲಿ ಒತ್ತಿದಾಗ ಕೈ ಹೋಗುವುದು ಇನ್ನೊಂದಕ್ಕೆ. ನನ್ನ ಪಾದಸ್ಪರ್ಶವೂ ಪಾವನತ್ವವೂ ಮೊದಲ ಕಿಸೆಯಲ್ಲಿ ಭದ್ರವಾಗಿದ್ದವು. ಎರಡನೆಯದರಲ್ಲಿ ಹಿಂದೆ ನಕಲಿಸಿದ ಹೋಳಿಗೆ ಹಾಗೆಯೇ ಉಳಿದಿತ್ತು. ಬೇರೆಲ್ಲ ಮನೆಗಳಿಗೆ ಕ್ಷಮೆ ಕೇಳಿ ಸರಿಯಾದ ಕರೆ ಕಳಿಸಿದೆ. ಸವಣೂರಿಗೆ ಏನನ್ನೂ ಕಳಿಸುವ ಧೈರ್ಯವಾಗಲಿಲ್ಲ. ಅಲ್ಲಿ ಎರಡು ನೀಲಿ ಗೆರೆ ಮೂಡಿದ್ದವು, ಉತ್ತರವಿರಲಿಲ್ಲ.

“ಸಿಟ್ಟಾಗ್ಯಾಳ ಅಂತ ಆಕಿಗೇ ಕಳಿಸಿದ್ರ್ಯಾ? ಮುಗೀತ ಬಿಡ್ರಿ,” ಎಂದಳು ಗಿರಿಜಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಹೇಳಿ ಸುಮ್ಮನಾದಳು, ಮತ್ತು ಆ ಮೌನ ಸಮ್ಮತಿಯಾಗಿರಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಬಾಗಿಲಲ್ಲಿ ಆಟೊ ನಿಂತಿತು. ಮೊದಲು ಇಳಿದದ್ದು ಕಡಲೆಬೇಳೆಯ ಚೀಲ, ಅದರ ಹಿಂದೆ ಬೆಲ್ಲದ ಡಬ್ಬಿ, ಅದರ ಹಿಂದೆ ಲಟ್ಟಣಿಗೆ ಹಿಡಿದ ಶಾಂತಕ್ಕ. ಆ ಲಟ್ಟಣಿಗೆ ನನಗೋ ಹೋಳಿಗೆಗೋ ಎಂದು ಗೊತ್ತಾಗದೆ ನಾನು ಕಂಬದ ಮರೆಗೆ ಸರಿದೆ. “ಆ ಅಡಿಗಿಯಂವ ಹೂರಣಕ್ಕ ಕೈ ಹಚ್ಚಿಲ್ಲ ಹೌದಿಲ್ಲ?” ಎಂದು ಕೇಳುತ್ತ ಅವರು ಸೀದಾ ಒಲೆಯ ಕಡೆ ನಡೆದರು. ಗಿರಿಜಾ ಹೋಗಿ ಬೆನ್ನ ಹಿಂದಿನಿಂದ ಅವರನ್ನು ತಬ್ಬಿಕೊಂಡಳು. ಆಮೇಲೆ ಇಬ್ಬರೂ ಬೇಳೆ ಆರಿಸುತ್ತ, ಶಿಗ್ಗಾವಿಯ ಚಿಗವ್ವನ ಮಗಳನ್ನು ಮನಸಾರೆ ಬೈದುಕೊಂಡು ಹಗುರಾದರು.

ಮರುದಿನ ಹಾಲು ಉಕ್ಕಿತು, ಪಂಕ್ತಿ ಕೂತಿತು. ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಂಡ ಧೈರ್ಯದಲ್ಲಿ ನಾನು ತಪ್ಪೊಪ್ಪಿಗೆಗೆ ಬಾಯ್ತೆರೆದೆ. “ಅಕ್ಕಾರ, ಆ ಮೆಸೇಜು ನಿಮಗ ಬರೆದಿದ್ದಲ್ರಿ.”

“ಗೊತ್ತೈತಿ ಮಾಸ್ತರ,” ಎಂದರು ಅವರು, ಇನ್ನೊಂದು ಹೋಳಿಗೆ ಬಡಿಸುತ್ತ. “ನನಗ ಬರೆದಿದ್ರ ಆಕಿ ಹಂಗ ಬರೀತಿರ್ಲಿಲ್ಲ. ಅದಕ್ಕ ಬಂದೇನಿ.”

ಈಗಲೂ ಆಜ್ಞೆ ಕೊಟ್ಟರೆ ಯಂತ್ರ ಏನೂ ಹೇಳುವುದಿಲ್ಲ. ಯಾವ ಕಿಸೆ ಎಂದು ಸ್ಪಷ್ಟವಾಗಿ ಹೇಳುವುದನ್ನು ಕಲಿತಿದ್ದೇನೆ. ಕಳಿಸುವ ಮುನ್ನ ಖಾಲಿ ಹಾಳೆಯ ಮೇಲೊಮ್ಮೆ ಅಂಟಿಸಿ ನೋಡುತ್ತೇನೆ. ನನ್ನ ಆ ಪಾವನ ಆಹ್ವಾನ ಮಾತ್ರ ಇಂದಿಗೂ ಸವಣೂರಿಗೆ ಹೋಗಿಲ್ಲ. ಶಾಂತಕ್ಕ ಅದನ್ನು ಕೇಳಿಯೂ ಇಲ್ಲ.