ತಿಮ್ಮರಾಯಪ್ಪನವರ ಯೆಜ್ಡಿಯ ಕತ್ತು

ಹೊಸಕೆರೆಹಳ್ಳಿಯ ತಿಮ್ಮರಾಯಪ್ಪನವರು ಬಾಡಿಗೆಗೆ ಮನೆ ಕೇಳಿಕೊಂಡು ಬಂದವರಿಗೆ ಮೊದಲು ತೋರಿಸುತ್ತಿದ್ದುದು ಮನೆಯನ್ನಲ್ಲ, ತಮ್ಮ ಯೆಜ್ಡಿ ಮೋಟರ್‌ಸೈಕಲ್ಲನ್ನು. ಗೇಟಿನ ಒಳಗೆ, ಕಾರು ನಿಲ್ಲಬೇಕಾದ ಜಾಗದಲ್ಲಿ, ತಗಡಿನ ಶೀಟಿನ ಕೆಳಗೆ ಅದು ಬೆಚ್ಚಗೆ ನಿಂತಿರುತ್ತಿತ್ತು. ಕಾರು ಬೀದಿಯಲ್ಲಿ ಮಳೆಗೆ ನೆನೆಯುತ್ತಿತ್ತು.

"ಎಂಬತ್ನಾಲ್ಕರ ಮಾಡೆಲ್ಲು. ಇದ್ರಲ್ಲಿ ನಾನು ರೇಸ್ ಹೊಡ್ದಿದೀನಿ" ಎಂದು ಶುರುವಾದರೆ ಬಂದವರು ಅರ್ಧ ಗಂಟೆ ನಿಂತೇ ಇರಬೇಕು. ತೊಂಬತ್ನಾಲ್ಕರಲ್ಲಿ, ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ, ಅದರಾಚೆಯ ಬಯಲಿನಲ್ಲಿ ನಡೆದ ಮಣ್ಣಿನ ರೇಸು ಅದು. ತಿಮ್ಮರಾಯಪ್ಪನವರಿಗೆ ಮೂರನೆಯ ಸ್ಥಾನ. ಒಟ್ಟು ಎಷ್ಟು ಗಾಡಿ ಓಡಿದವು ಎಂದು ಕೇಳಿದವರಿಗೆ ಆ ಮನೆ ಸಿಗುತ್ತಿರಲಿಲ್ಲ. ಗೆಲುವಿನ ಗುಟ್ಟು ತೂಕ ಇಳಿಸುವುದರಲ್ಲಿತ್ತಂತೆ. ಮಡ್‌ಗಾರ್ಡು ಕಳಚಿದರು, ಸೀಟನ್ನು ಅರ್ಧಕ್ಕೆ ಕತ್ತರಿಸಿದರು, ಕೊನೆಗೆ ಹ್ಯಾಂಡಲ್ ಕೂರುವ ಚಾಸಿಯ ಕತ್ತನ್ನು ತಮ್ಮ ಕೈಯಾರೆ ಅರ ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. "ಮೂರು ದಿನ! ಊಟ ಅಲ್ಲೇ, ನಿದ್ದೆ ಅಲ್ಲೇ!"

ಆಮೇಲೆ ಒಂದು ಆರ್‌ಎಕ್ಸ್ ಹಂಡ್ರೆಡ್ ಬಂತು, ಹೋಯಿತು. ಒಂದು ಬುಲೆಟ್ ಬಂತು, ಅದೂ ಹೋಯಿತು. ಯೆಜ್ಡಿ ಮಾತ್ರ ಉಳಿಯಿತು, ಅದರ ಜೊತೆಗೆ ಈ ಕಥೆಯೂ.

ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಹಿಂದೆಲ್ಲ ಒಬ್ಬ ಏಜೆಂಟು ಹಳೆಯ ಜೆರಾಕ್ಸುಗಳನ್ನು ತೋರಿಸಿ ಅದನ್ನು ದಾಟಿಸಿಬಿಡುತ್ತಿದ್ದ. ಈ ಸಲ ಆರ್‌ಟಿಓ ಕಚೇರಿಗೆ ಇನ್‌ಸ್ಪೆಕ್ಟರ್ ಆಗಿ ಬಂದಿದ್ದವರು ಕೆಲಸವನ್ನು ನಿಜಕ್ಕೂ ಮಾಡುವ ಹೆಂಗಸು. ಬಿಳಿ ಕಾಗದ, ಪೆನ್ಸಿಲ್ ಹಿಡಿದು ಗಾಡಿಯ ಮುಂದೆ ಬಗ್ಗಿದರು. ಚಾಸಿಯಲ್ಲಿ ಕೊರೆದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿದರೆ ಅಂಕಿಗಳು ಮೂಡುತ್ತವೆ. ಆ ಗುರುತು ಕಡತಕ್ಕೆ ಸೇರಬೇಕು. ಅವರ ಬೆರಳು ಯೆಜ್ಡಿಯ ಕತ್ತಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರಿತು.

"ತುಂಬಾ ಸ್ಮೂತ್ ಇದೆಯಲ್ಲ ಸಾರ್."

ಯಾರಾದರೂ ಇಷ್ಟು ಹೇಳಿದರೆ ಸಾಕು. ತಿಮ್ಮರಾಯಪ್ಪನವರ ಎದೆ ಉಬ್ಬಿತು. "ನಾನೇ ಅರ ಹಾಕಿದ್ದು ಮೇಡಂ. ಮೂರು ದಿನ! ಊಟ ಅಲ್ಲೇ..."

ಮೇಡಂ ತಲೆಯೆತ್ತಿದರು. "ಚಾಸಿ ನಂಬರ್ ಇರೋ ಜಾಗಕ್ಕಾ?"

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಕಥೆ ಊಟದ ಹತ್ತಿರ ನಿಂತುಹೋಯಿತು.

"ನಂಬರ್ ಉಜ್ಜೋದು ಕದ್ದ ಗಾಡಿಗೆ ಮಾಡೋ ಕೆಲಸ ಸಾರ್. ನಿಮ್ಮನ್ನ ನೋಡಿದ್ರೆ ಹಂಗೆ ಅನ್ಸಲ್ಲ, ಅದಕ್ಕೆ ಟೈಮ್ ಕೊಡ್ತಿದೀನಿ. ಸೋಮವಾರ ನಂಬರ್ ತೋರ್ಸಿ. ಇಲ್ಲಾಂದ್ರೆ ಆರ್‌ಸಿ ಆಗಲ್ಲ. ಗಾಡಿ ಸ್ಕ್ರ್ಯಾಪಿಗೇ."

ತಿಮ್ಮರಾಯಪ್ಪನವರು ಯೆಜ್ಡಿಯನ್ನು ಸೀದಾ ಕತ್ರಿಗುಪ್ಪೆಯ ಶಾಮಣ್ಣನ ಗ್ಯಾರೇಜಿಗೆ ತಂದರು. ರೇಸಿಗೆ ಗಾಡಿಯನ್ನು ಸಜ್ಜು ಮಾಡಿದ್ದು, ಆಮೇಲೆ ನಾಲ್ಕು ಸಲ ಬಣ್ಣ ಬದಲಿಸಿದ್ದು ಈ ಶಾಮಣ್ಣನೇ. ವಿಷಯ ಗೊತ್ತಾಗಿ ಹೆಂಡತಿ ವಿಜಯಲಕ್ಷ್ಮಿಯೂ ಆಟೋ ಹಿಡಿದು ಬಂದರು. ಗಂಡನ ಮುಖ ಅಷ್ಟು ಸಣ್ಣದಾಗಿದ್ದನ್ನು ಅವರು ಮಗಳ ಮದುವೆಯಲ್ಲೂ ನೋಡಿರಲಿಲ್ಲ.

"ಶಾಮಣ್ಣ, ನಂಬರ್ ಉಳ್ದಿದೆಯೇನೋ?"

"ಅರ ಹಾಕಿದ್ದು ನೀವು, ಕೇಳೋದು ನನ್ನನ್ನಾ? ಆವತ್ತಿಂದ ಎಷ್ಟ್ ಸಾವ್ರ ಗಾಡಿ ಬಂದೋಗವೆ ಗೌಡ್ರೆ, ಯಾವುದಕ್ಕೆ ಏನ್ ಮಾಡ್ದೆ ಅಂತ ನೆನಪಿರ್ತದಾ? ಕೆರೆದು ನೋಡಾಣ."

ಬಣ್ಣ ಕರಗಿಸುವ ದ್ರಾವಣ ಬಳಿದು ಶಾಮಣ್ಣ ತಗಡಿನ ಚೂರಿನಿಂದ ಕೆರೆಯತೊಡಗಿದ. ಮೇಲಿನ ಮರೂನ್ ಬಣ್ಣ ಸುಕ್ಕಾಗಿ ಎದ್ದು ಬಂತು. ಅದರಡಿಯಲ್ಲಿ ಬೆಳ್ಳಿ ಬಣ್ಣ. ಅದು ಮಗಳ ಮದುವೆಗೆಂದು ಹೊಡೆಸಿದ್ದು. ಅಳಿಯ ಅದನ್ನು ಹತ್ತಲು ಒಪ್ಪದೆ ಕಾರಿನಲ್ಲಿ ಹೋಗಿದ್ದ. ಅದರ ಕೆಳಗೆ ಹಳದಿ.

"ಈ ಬಣ್ಣಕ್ಕೆ ಸ್ಕೂಲ್ ಬಸ್ಸು ಅಂತ ಮಕ್ಕಳೆಲ್ಲ ನಿಮಗೆ ಕೈ ಅಡ್ಡ ಹಾಕ್ತಿದ್ವು" ಎಂದರು ವಿಜಯಲಕ್ಷ್ಮಿ.

ಇನ್ನೊಮ್ಮೆ ಕೆರೆದಾಗ ನೀಲಿ ಕಾಣಿಸಿತು, ಬೆಂಕಿಜ್ವಾಲೆಯ ಚಿತ್ರದ ತುದಿಯೊಂದು ಉಳಿದಿತ್ತು. ಮದುವೆಯಾದ ಹೊಸತರಲ್ಲಿ ಜೋಡಿಯಾಗಿ ನಂದಿಬೆಟ್ಟಕ್ಕೆ ಹೋಗಿದ್ದ ಬಣ್ಣ ಅದು. ವಿಜಯಲಕ್ಷ್ಮಿಯ ಕಾಲಿನಲ್ಲಿ ಅಂದು ಸೈಲೆನ್ಸರ್ ಸುಟ್ಟ ಕಲೆ ಇನ್ನೂ ಇದೆ. ಅವರು ಆ ಮಾತನ್ನು ಆಗ ಎತ್ತಲಿಲ್ಲ. ಗಂಡ ಆರ್‌ಸಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು.

ನೀಲಿಯೂ ಹೋಗಿ ರೇಸಿನ ಕಪ್ಪು ಬಂತು. ಅದರ ಕೆಳಗೆ ಇನ್ನು ಬರೀ ಕಬ್ಬಿಣ ಇರಬೇಕು.

ತಿಮ್ಮರಾಯಪ್ಪನವರಿಗೆ ಆಗ ತಾವು ಮರೆತೇಬಿಟ್ಟಿದ್ದ ಒಂದು ಮಧ್ಯಾಹ್ನ ನೆನಪಾಯಿತು. ಅರ ಹಿಡಿದು ಹತ್ತು ನಿಮಿಷಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ನೀವು ಮುದ್ದೆ ಉಂಡ್ಕೊಂಡು ಬನ್ನಿ, ನಾನು ಮುಗಿಸ್ತೀನಿ" ಎಂದಿದ್ದ ಶಾಮಣ್ಣ. ಉಂಡು, ಒಂದು ನಿದ್ದೆ ಮುಗಿಸಿ ಬರುವಷ್ಟರಲ್ಲಿ ಕತ್ತು ನುಣ್ಣಗಾಗಿತ್ತು. ಹತ್ತು ನಿಮಿಷ ಮೂರು ದಿನವಾದದ್ದು ಆಮೇಲೆ, ಹೇಳ್ತಾ ಹೇಳ್ತಾ. ಹಾಗಾದರೆ ತಾವು ಉಜ್ಜದೆ ಬಿಟ್ಟ ನಂಬರನ್ನು ಶಾಮಣ್ಣ ಉಜ್ಜಿಬಿಟ್ಟನೇ? ಈತ ಕೆಲಸದಲ್ಲಿ ಗಟ್ಟಿಗ ಬೇರೆ. ಹಾಳಾದವನು, ಎಲ್ಲವನ್ನೂ ಪೂರ್ತಿ ಮಾಡುತ್ತಾನೆ.

ಶಾಮಣ್ಣನ ಕೈ ನಿಂತಿತು. ಚೂರಿನ ತುದಿಗೆ ಬೂದುಬಣ್ಣದ ಪುಡಿ ಹತ್ತಿತ್ತು. ಅದನ್ನು ಬೆರಳಿನಲ್ಲಿ ತಿಕ್ಕಿ, ಮೂಸಿ ನೋಡಿ, ಹಲ್ಲು ಬಿಟ್ಟ.

"ಪುಟ್ಟಿ!"

"ಅಂದ್ರೆ?"

"ಅಂದ್ರೆ ನಾನೂ ಅರ ಹಾಕಿಲ್ಲ ಗೌಡ್ರೆ. ಯಾವನು ಉಜ್ತಾ ಕೂರ್ತಾನೆ ಅಂತ ತಗ್ಗು ಮುಚ್ಚೋ ಪುಟ್ಟಿ ಮೆತ್ತಿ ಬಣ್ಣ ಹೊಡ್ದಿದೀನಿ. ನೀವು ಬಂದು ಕೈ ಆಡ್ಸಿ, ಸಖತ್ತಾಗಿದೆ ಶಾಮ ಅಂದ್ರಿ. ನಾನು ಸುಮ್ಕಾದೆ."

ವಿಜಯಲಕ್ಷ್ಮಿ ಲೆಕ್ಕ ಹಾಕಿದರು. "ಹಂಗಾದ್ರೆ ಗಾಡಿ ತೂಕ ಇಳೀಲಿಲ್ಲ. ಏರ್ತು!"

ಶಾಮಣ್ಣ ಸೂಜಿಯಿಂದ ಪುಟ್ಟಿಯನ್ನು ಚುಚ್ಚಿ ಚುಚ್ಚಿ ತೆಗೆದ. ಮೊದಲು ಒಂದು ನಾಲ್ಕು ಕಂಡಿತು. ಪಕ್ಕದಲ್ಲಿ ಏಳು. ಹತ್ತಿ ಉಂಡೆಗೆ ಸೀಮೆಎಣ್ಣೆ ಹಾಕಿ ಒರೆಸಿದಾಗ ಇಡೀ ಸಾಲು ಎದ್ದು ನಿಂತಿತು. ಒಂದು ಗೀರೂ ಬಿದ್ದಿರಲಿಲ್ಲ. ತಿಮ್ಮರಾಯಪ್ಪನವರು ಆರ್‌ಸಿ ಹಿಡಿದು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು, ಎರಡು ಸಲ. ಆಮೇಲೆ ಟೈರುಗಳ ಗುಡ್ಡೆಯ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಳ್ಳುತ್ತಾ ನಗತೊಡಗಿದರು. ಶಾಮಣ್ಣ ಗಾಬರಿಯಾಗಿ ನೀರು ತಂದ.

ಸೋಮವಾರ ಇನ್‌ಸ್ಪೆಕ್ಟರ್ ಮೇಡಂ ಪೆನ್ಸಿಲ್ ತಿಕ್ಕಿದರು. ಕಾಗದದ ಮೇಲೆ ಅಂಕಿಗಳು ಅಚ್ಚುಕಟ್ಟಾಗಿ ಮೂಡಿದವು.

"ನೀವು ಮೂರು ದಿನ ಉಜ್ಜಿದ್ರಿ ಅಂದ್ರಲ್ಲ ಸಾರ್?"

"ಸುಳ್ಳು ಮೇಡಂ" ಎಂದರು ತಿಮ್ಮರಾಯಪ್ಪನವರು, ಮುಖ ಅರಳಿಸಿಕೊಂಡು. ಸಾಲಿನಲ್ಲಿ ನಿಂತ ಹತ್ತು ಜನ ತಿರುಗಿ ನೋಡಿದರು. "ಹತ್ತೇ ನಿಮಿಷ. ಬೊಬ್ಬೆ ಬಂತು, ಬಿಟ್ಬಿಟ್ಟೆ. ಅದನ್ನೂ ಬೇಕಾದ್ರೆ ಬರ್ಕೊಳಿ."

ಮೇಡಂ ಸಹಿ ಹಾಕಿದರು.

ವಾಪಸು ಬರುವಾಗ ವಿಜಯಲಕ್ಷ್ಮಿ ಹಿಂದೆ ಕೂತಿದ್ದರು. ಬಸ್ಸೊಂದು ಹಾರ್ನ್ ಹೊಡೆದುಕೊಂಡು ಅವರನ್ನು ದಾಟಿತು. ಒಂದು ಸ್ಕೂಟಿ ದಾಟಿತು. ತರಕಾರಿಯ ಲಗೇಜು ಆಟೋ ಕೂಡ ದಾಟಿತು.

"ಸ್ವಲ್ಪ ಜೋರಾಗಿ ಓಡ್ಸಿ, ಅನ್ನಕ್ಕಿಡಬೇಕು."

"ಹೋಗ್ಲಿ ಬಿಡೇ, ಹೋಗೋರೆಲ್ಲ ಹೋಗ್ಲಿ" ಎಂದರು ತಿಮ್ಮರಾಯಪ್ಪನವರು, ಎಡಕ್ಕೆ ಸರಿದು ಇನ್ನಷ್ಟು ದಾರಿ ಬಿಟ್ಟುಕೊಡುತ್ತಾ.