ಹೂ ಕಟ್ಟುವ ದಾರ ಮತ್ತು ಒಂದು ಓರಿಯೋಲ್

ಮೀಟಿಂಗ್ ಮಧ್ಯದಲ್ಲಿ ಅಮ್ಮ ಹಿತ್ತಲಿಗೆ ತೆರೆದ ಡೆಕ್‌ನಿಂದ ಕೂಗಿಕೊಂಡರು. ಲ್ಯಾಪ್‌ಟಾಪ್ ಹಾಗೇ ಬಿಟ್ಟು ಓಡಿದೆ.

ಹಿತ್ತಲ ಮೇಪಲ್ ಮರದ ತುದಿಕೊಂಬೆಯಿಂದ ಒಂದು ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಕಾಲಿಗೆ ಬಿಳಿ ದಾರ ಸುತ್ತಿಕೊಂಡಿತ್ತು, ರೆಕ್ಕೆ ಬಡಿಯುತ್ತಲೇ ಇತ್ತು...

ಅದು ಅಮ್ಮ ಮೈಸೂರಿನಿಂದ ತಂದ ಹೂ ಕಟ್ಟುವ ದಾರ.

ಅಪ್ಪ ಹೋದ ಮೇಲೆ ಅಮ್ಮ ಮೊದಲ ಸಲ ಅಮೆರಿಕದ ನಮ್ಮ ಎಲಿಕಾಟ್ ಸಿಟಿ ಮನೆಗೆ ಬಂದಿದ್ದಾರೆ. ಹೂ ಮುಡಿಯುವುದನ್ನು ಬಿಟ್ಟಿದ್ದಾರೆ. "ಇಲ್ಲಿ ಯಾರಮ್ಮ ನೋಡ್ತಾರೆ, ಮುಡ್ಕೋ" ಎಂದರೆ ಮಾತು ಬದಲಾಯಿಸುತ್ತಾರೆ.

ಆದರೆ ಕೈ ಸುಮ್ಮನಿರಬೇಕಲ್ಲ! ಇಂಡಿಯನ್ ಸ್ಟೋರ್‌ನಿಂದ ಹೂ ತರಿಸಿಕೊಂಡು, ಡೆಕ್ ಮೇಲೆ ಕೂತು ದೇವರಿಗೆ ಕಟ್ಟುತ್ತಿದ್ದರು.

ಮೇ ತಿಂಗಳಲ್ಲಿ ಈ ಹಕ್ಕಿ ಜೋಡಿ ಬಂತು. ಗಂಡಿಗೆ ಕಪ್ಪು ತಲೆ, ಕೇಸರಿ ಹೊಟ್ಟೆ. ಹೆಣ್ಣು ಮಾಸಲು ಹಳದಿ.

"ನಮ್ಮ ಹೊನ್ನಕ್ಕಿ ಕಣೇ" ಎಂದರು ಅಮ್ಮ. ಫೋನಿನಲ್ಲಿ ಹುಡುಕಿದರೆ ಬಾಲ್ಟಿಮೋರ್ ಓರಿಯೋಲ್. ಬ್ಲ್ಯಾಕ್‌ಬರ್ಡ್ ಕುಲದ್ದಂತೆ, ಇಟ್ಟಿಗೆ ಬಣ್ಣದ ಆರ್ಚರ್ಡ್ ಓರಿಯೋಲ್ ಇದರ ದಾಯಾದಿಯಂತೆ. ನಮ್ಮ ಹೊನ್ನಕ್ಕಿಗೂ ಇದಕ್ಕೂ ನೆಂಟಸ್ತನವೇ ಇಲ್ಲ. "ನಿನ್ನ ಫೋನಿಗೇನು ಗೊತ್ತು" ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದರು.

ಹೆಣ್ಣು ಹಕ್ಕಿ ನಾರು ಹೆಕ್ಕಿ ತಂದು ಚೀಲದಂಥ ಗೂಡು ನೇಯುತ್ತಿತ್ತು. ಅಮ್ಮ ಉದ್ದುದ್ದ ದಾರ ಕತ್ತರಿಸಿ ರೇಲಿಂಗ್ ಮೇಲೆ ಇಟ್ಟರು. ಅದು ಬಂದು ಎತ್ತಿಕೊಂಡು ಹೋಯಿತು.

"ನೋಡೇ, ನನಗಿಂತ ಚೆನ್ನಾಗಿ ಕಟ್ತಾಳೆ!" ಅಮ್ಮ ನಕ್ಕರು. ಅಪ್ಪ ಹೋದಾಗಿನಿಂದ ನಾನು ಆ ನಗುವಿಗೆ ಕಾದಿದ್ದೆ.

ಅದೇ ದಾರಕ್ಕೆ ಅವತ್ತು ಆ ಹೆಣ್ಣು ಹಕ್ಕಿ ಸಿಕ್ಕಿಬಿದ್ದಿತ್ತು. ಪಕ್ಕದ ಮನೆಯವರು ಏಣಿ ತಂದರು. ಎಟುಕಲಿಲ್ಲ. ಇನ್ನೂ ಉದ್ದದ್ದು ಹುಡುಕುವಷ್ಟರಲ್ಲಿ ರೆಕ್ಕೆ ಬಡಿತ ನಿಂತಿತ್ತು...

"ಬಾಳೆನಾರಾಗಿದ್ರೆ ಹರಿದುಬಿಡ್ತಿತ್ತು ಕಣೇ" ಎಂದು ಅಮ್ಮ ನನ್ನ ಹೆಗಲ ಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಅಪ್ಪನ ಕಾರ್ಯದಲ್ಲೂ ಯಾರೆದುರೂ ಕಣ್ಣೀರು ಹಾಕದವರು. ನನಗೂ ತಡೆಯಲಾಗಲಿಲ್ಲ.

ನಿನ್ನ ತಪ್ಪಲ್ಲಮ್ಮ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಡೆಕ್ ಕಡೆಗೆ ಹೋಗುವುದೇ ಇಲ್ಲ, ಕಿಟಕಿಯ ಬ್ಲೈಂಡ್ಸ್ ಮುಚ್ಚಿ ಒಳಗೇ ಕೂರುತ್ತಾರೆ.

ಗಂಡು ಹಕ್ಕಿ ಮಾತ್ರ ಅದೇ ಮರದಲ್ಲಿ ಕೂತು ಬೆಳಗಿನಿಂದ ಸಿಳ್ಳೆ ಹಾಕುತ್ತಿದೆ. ಇವತ್ತು ಕಾಫಿ ಲೋಟ ಹಿಡಿದುಕೊಂಡು ಅದನ್ನೇ ಕೇಳಿಸಿಕೊಳ್ಳುತ್ತಾ ಅಮ್ಮ ಕೇಳಿದರು, "ಇನ್ನೂ ಕರೀತಾನೇ ಇದ್ದಾನಲ್ಲೇ... ಅವನಿಗೆ ಯಾರು ಹೇಳ್ತಾರೆ?"

ನೀವಾಗಿದ್ದರೆ ಅಮ್ಮನಿಗೆ ಏನು ಹೇಳುತ್ತಿದ್ದಿರಿ?